ಅಕ್ಕವ್ವ ಸಾರಿಸಿದ ನೆಲ

ಉಜ್ವಲಾ ಬಕೆಟಿನ ಸೆಗಣಿಗೆ ಮೊಣಕೈವರೆಗೆ ಕೈ ಹಾಕಿ ಕಲಸುತ್ತಿದ್ದಳು. ಅಂಗಳದಲ್ಲಿ, ತೀರಿಕೊಂಡ ಅವಳ ಅತ್ತೆ ಅಕ್ಕವ್ವನನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಹೆಣ ಅಂಗಳ ಬಿಟ್ಟ ಕೂಡಲೇ ಮನೆ ಸಾರಿಸಬೇಕು. ಮಣ್ಣು ಕೊಟ್ಟು ಬಂದವರು ಹೊಸದಾಗಿ ಸಾರಿಸಿದ ನೆಲದ ಮೇಲಿನ ದೀಪ ನೋಡಿ ಹೋಗಬೇಕು.

“ತೆಳ್ಳಗ ಕಲಸವಾ,” ಎಂದಳು ನೆರೆಮನೆಯ ಗಿರಿಜವ್ವ. “ನಿಮ್ಮತ್ತಿ ಗತೆ ಗಟ್ಟಿ ಮಾಡಬ್ಯಾಡ. ಆಕಿ ಸಾರಿಸಿದ ನೆಲ ಅಂದ್ರ ನೇಗಿಲಾ ಹೊಡದಂಗ ಇರತಿತ್ತ. ಕುಂತ್ರ ಕುಂಡಿಗೆ ಒತ್ತತಿತ್ತ.”

ಅಳುತ್ತಿದ್ದ ಹೆಂಗಸರಿಗೆ ನಗು ಬಂತು. ಬಂದದ್ದಕ್ಕೆ ನಾಚಿ ಮತ್ತಷ್ಟು ಅತ್ತರು.

“ಸಾರಸಬ್ಯಾಡ್ರಿ.”

ಒಳಗಿನ ಖೋಲಿಯಿಂದ ಬಂದ ಮಾತು. ಅಕ್ಕವ್ವನ ಗಂಡ ಧರೆಪ್ಪ ಬೆಳಗಿನಿಂದ ಮಂಚ ಬಿಟ್ಟು ಇಳಿದಿರಲಿಲ್ಲ. ಮಗ ಈಶ್ವರ ಬಾಗಿಲಿಗೆ ಬಂದ.

“ಯಪ್ಪಾ, ರೀತಿ ಐತಿ. ಸಾರಸದ ಹೆಂಗ ಬಿಡೂದು?”

“ಅಂಗಳಾ ಸಾರಸ್ರಿ, ಅಡಗಿಮನಿ ಸಾರಸ್ರಿ. ಈ ಖೋಲಿ ಅಷ್ಟ ಬಿಡ್ರಿ.”

“ಆಕಿ ಜೀವಾ ಹೋಗಿದ್ದ ಇಲ್ಲೇ ಅಲ್ಲರಿ ಧರೆಪ್ಪಣ್ಣಾ,” ಎಂದು ಗಿರಿಜವ್ವ ಸಮಾಧಾನದ ದನಿಯಲ್ಲಿ ಹೇಳಿದಳು. “ಮೊದಲ ಇದನ್ನ ಸಾರಸಬೇಕ್ರಿ.”

ಧರೆಪ್ಪ ತಲೆ ತಗ್ಗಿಸಿದ. ಯಾಕೆ ಬೇಡ ಎಂದು ಹೇಳಲು ಹೋದರೆ, ಗಂಡಹೆಂಡತಿ ನಾಲ್ಕು ವರ್ಷ ಮುಚ್ಚಿಟ್ಟದ್ದನ್ನು ಅವಳ ಹೆಣದೆದುರಿಗೇ ಬಿಚ್ಚಿದಂತಾಗುತ್ತಿತ್ತು. ದುಃಖದಲ್ಲಿ ಏನೋ ಅನ್ನುತ್ತಾನೆ ಎಂದುಕೊಂಡು ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ತಿರುಗಿದರು.

*

ನಾಲ್ಕು ವರ್ಷದ ಹಿಂದೆ ಮೀರಜಿನ ಡಾಕ್ಟರು ಮರಾಠಿಯಲ್ಲಿ ಸಾವಕಾಶ ತಿಳಿಸಿ ಹೇಳಿದ್ದರು. ಧರೆಪ್ಪನ ಕಣ್ಣಿನ ನರ ಒಣಗಿದೆ, ಆಪರೇಶನ್ ಇಲ್ಲ, ಉಳಿದ ಬೆಳಕೂ ಬೇಗ ಹೋಗುತ್ತದೆ. ಬಸ್ಸಿನಲ್ಲಿ ವಾಪಸು ಬರುವಾಗ ಧರೆಪ್ಪ ಹೆಂಡತಿಯ ಕಿವಿಯ ಹತ್ತಿರ ಬಾಗಿ ಅಂದ:

“ಮನ್ಯಾಗ ಹೇಳಬ್ಯಾಡ. ಹೇಳಿದ್ರ ನಾಳಿಂದ ನನ್ನ ಕೈ ಹಿಡದ ನಡಸ್ತಾರ.”

ನೇಗಿಲು ಹೊಡೆದು ಕಬ್ಬಿಗೆ ಸಾಲು ಬಿಡುವುದರಲ್ಲಿ ಅವರ ಊರು ಭೋಜದಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ದಾರ ಹಿಡಿದು ಹೊಡೆದೆಯೇನೋ ಎಂದು ಊರವರು ಕೇಳುತ್ತಿದ್ದರು. ಅಂಥವನಿಗೆ ದಾರಿ ತೋರಿಸುವುದೆಂದರೇನು? ಅಕ್ಕವ್ವ ಊರಿಗೆಲ್ಲ “ಕಣ್ಣಿಗೆ ಮಂಜ ಬಂದೈತಿ, ಅಷ್ಟ” ಎಂದಳು. ಹೊರಗೆ ಹೊರಟರೆ ಅವಳು ಮುಂದೆ, ಅವಳ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಅವನು ಹಿಂದೆ. ಪಕ್ಕದ ಹೊಲದ ಸಮ್ಮೇದ, “ಮುದುಕ ಈ ವಯಸ್ಸಿನ್ಯಾಗೂ ಸೆರಗ ಬಿಡವಲ್ಲ ನೋಡ,” ಎಂದು ಕಾಡಿಸಿದರೆ ಇಬ್ಬರೂ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.

ಮನೆಯೊಳಗೆ ಮಾತ್ರ ಸೆರಗು ಹಿಡಿಯುವ ಹಾಗಿರಲಿಲ್ಲ. ಮಗ, ಸೊಸೆ ನೋಡುತ್ತಿರುತ್ತಾರೆ.

ಒಂದು ಸೋಮವಾರ ಅಕ್ಕವ್ವ ಸೆಗಣಿಗೆ ಬದುವಿನ ಜಿಗಿಮಣ್ಣು ಸೇರಿಸಿ ಮಲಗುವ ಖೋಲಿಯನ್ನು ದಪ್ಪಗೆ ಸಾರಿಸಿದಳು. ಒಣಗಿದ ಮೇಲೆ ಧರೆಪ್ಪ ಮಂಚದಿಂದ ಕಾಲಿಟ್ಟರೆ ಅಂಗಾಲಿಗೆ ನಾಲ್ಕು ಬೆರಳಿನ ನಾಲ್ಕು ಗೆರೆ ಹತ್ತಿದವು. ಅವುಗಳ ಜೊತೆ ನಡೆದ. ಹೊಸ್ತಿಲು ಬಂತು. ಇನ್ನೊಂದು ಕಡೆ ಗೆರೆಗಳು ಅಲೆಅಲೆಯಾಗಿದ್ದವು, ಹಿಡಿದು ಹೋದರೆ ನೀರಿನ ಹರವಿ. ಸಣ್ಣ ಸಣ್ಣ ಅರ್ಧಚಂದ್ರಗಳ ಸಾಲು ಬಚ್ಚಲಿಗೆ ಒಯ್ದಿತು. ಮಂಚದ ಎಡಕ್ಕೆ ಗೋಡೆಯ ಬಳಿ ಮಾತ್ರ ಗೆರೆ ಎಲ್ಲಿಗೂ ಹೋಗಿರಲಿಲ್ಲ. ಒಂದರೊಳಗೊಂದು ಸುತ್ತು ಸುತ್ತಿ ಅಲ್ಲೇ ಉಳಿದಿತ್ತು.

“ಇದೇನ ಬರದೀಯೇ?” ಎಂದು ಪಿಸುಗುಟ್ಟಿದ.

“ಬರಿಯಾಕ ನಾ ಸಾಲಿಗೆ ಹೋದಾಕೇನ? ಕೈ ಹೋದಂಗ ಹೋಗೇತಿ.”

“ಇಲ್ಲಿ ಯಾಕ ಗುಂಡಗ ಐತಿ?”

“ಅಲ್ಲೆ ನಾ ಇರತೀನಿ.”

ಅಲ್ಲಿ ಅವಳ ಚಾಪೆ ಇತ್ತು. ಬಳೆ ಸದ್ದೂ ಕೇಳದ ಹೊತ್ತಿನಲ್ಲಿ ಧರೆಪ್ಪ ಕಾಲು ಇಳಿಬಿಟ್ಟು ಹೆಬ್ಬೆರಳಿನಿಂದ ಆ ಸುತ್ತನ್ನು ಮುಟ್ಟಿ ನೋಡುತ್ತಿದ್ದ. ಅಷ್ಟಾದರೆ ನಿದ್ದೆ ಬರುತ್ತಿತ್ತು.

ವಾರವಾರವೂ ಅವಳು ಅದೇ ಗೆರೆಗಳನ್ನು ಬರೆದಳು. ಒಂದು ಬೆರಳಿನಷ್ಟೂ ಆಚೀಚೆ ಆಗಲಿಲ್ಲ. ಈಶ್ವರ ಆ ಖೋಲಿಗೆ ಫರಸಿಕಲ್ಲು ಹಾಕಿಸುತ್ತೇನೆಂದು ಎರಡು ಸಲ ಗೌಂಡಿಯನ್ನು ಕರೆತಂದ. “ನಾ ಸತ್ತ ಮ್ಯಾಲ ಹಾಕು,” ಎಂದು ಎರಡು ಸಲವೂ ಅಟ್ಟಿದಳು. ಮುದುಕಿಗೆ ಹಟ ಜಾಸ್ತಿ ಎಂದರು. ಮುದುಕನ ಕಣ್ಣು ಪರವಾಗಿಲ್ಲ, ಮನೆಯಲ್ಲಿ ಗೋಡೆ ಮುಟ್ಟದೆ ಓಡಾಡುತ್ತಾನೆ ಎಂದೂ ಅಂದರು.

*

ಅವರದೇ ಹೊಲದ ಬದುವಿನಲ್ಲಿ ಕುಣಿ ತೋಡಿದ್ದರು. ಹೆಂಡತಿ ಸತ್ತವನನ್ನು ಯಾರಾದರೂ ಹಿಡಿದುಕೊಳ್ಳುವುದು ಇದ್ದದ್ದೇ, ಹಾಗಾಗಿ ಈಶ್ವರ ಅಪ್ಪನ ರಟ್ಟೆ ಹಿಡಿದದ್ದರಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ಧರೆಪ್ಪ ಕಾಲಿನಿಂದ ಕುಣಿಯ ಅಂಚನ್ನು ತಡವಿ, ಬಗ್ಗಿ ಮೂರು ಹಿಡಿ ಮಣ್ಣು ಹಾಕಿದ. ಮಣ್ಣು ಬಿದ್ದ ಸದ್ದಿನಿಂದ ಅವಳು ಎಷ್ಟು ಕೆಳಗಿದ್ದಾಳೆಂದು ಗೊತ್ತಾಯಿತು.

“ಒಂದ ದಿನದಾಗ ಕುಗ್ಗಿ ಹೋದ ಮುದುಕ,” ಎಂದ ಸಮ್ಮೇದ. ಈ ಸಲ ಅವನು ಕಾಡಿಸಲಿಲ್ಲ.

ಮನೆಗೆ ಬಂದಾಗ ಹಸಿ ಸೆಗಣಿಯ, ಎಣ್ಣೆಯ ವಾಸನೆ ಬಾಗಿಲಲ್ಲೇ ಎದುರಾಯಿತು. ಖೋಲಿಯ ಹೊಸ್ತಿಲಲ್ಲಿ ಈಶ್ವರ ರಟ್ಟೆ ಬಿಟ್ಟ. ಒಳಗೆ ಅಪ್ಪ ಒಬ್ಬನೇ ನಡೆಯುತ್ತಾನೆ, ಯಾವಾಗಲೂ.

ಧರೆಪ್ಪ ಕಾಲಿಟ್ಟ. ತಣ್ಣಗೆ, ನುಣ್ಣಗೆ ಇತ್ತು. ಬಲಕ್ಕೆ ಸರಿಸಿದ, ಎಡಕ್ಕೆ ಸರಿಸಿದ. ಒಂದು ಗೆರೆಯೂ ಇರಲಿಲ್ಲ.

“ಕನ್ನಡಿಯಂಗ ಸಾರಿಸ್ಯಾಳ ನೋಡ್ರಿ ನಿಮ್ಮ ಸೊಸಿ,” ಎಂದಳು ಗಿರಿಜವ್ವ.

ಇನ್ನೊಂದು ಹೆಜ್ಜೆ. ಮತ್ತೊಂದು. ಕಾಲಿಗೆ ದೀಪ ತಾಗಿ ಉರುಳಿತು. ಎಣ್ಣೆ ಹರಿಯಿತು. ಹೆಂಗಸರು “ಅಯ್ಯಯ್ಯ” ಎಂದು ಎದ್ದರು. ಧರೆಪ್ಪ ಎರಡೂ ಕೈ ಮುಂದೆ ಚಾಚಿ ಖೋಲಿಯ ನಡುವೆ ನಿಂತಿದ್ದ. ತನ್ನ ಮನೆಯಲ್ಲಿ ಅವನಿಗೆ ಅಷ್ಟು ಭಯ ಯಾವತ್ತೂ ಆಗಿರಲಿಲ್ಲ.

“ಮಾಮಾ, ದೀಪಾ ಕಾಣಲಿಲ್ಲೇನ್ರಿ?” ಎಂದಳು ಉಜ್ವಲಾ.

“ಇಲ್ಲವಾ. ದೀಪಾ ಕಾಣದ ಭಾಳ ದಿನಾ ಆತು.”

ಈಶ್ವರ ಹೊಸ್ತಿಲ ಮೇಲೆ ಕುಸಿದು ಕೂತ. “ಮತ್ತ ಹೆಂಗ ಓಡ್ಯಾಡತಿದ್ದಿ, ಯಪ್ಪಾ?”

“ನಿಮ್ಮವ್ವ ನೆಲದ ಮ್ಯಾಲ ಹಾದಿ ಬರೀತಿದ್ಲು.”

ಉಜ್ವಲಾ ತನ್ನ ಕೈಗಳನ್ನು ನೋಡಿಕೊಂಡಳು. ಸೆಗಣಿ ಇನ್ನೂ ಉಗುರಿನ ಸಂದಿಯಲ್ಲಿತ್ತು. ಅವಳಿಗೆ ಅಳು ತಡೆಯಲಾಗಲಿಲ್ಲ.

“ಅಳಬ್ಯಾಡವಾ, ನಿನಗೇನ ಗೊತ್ತ. ಬಕೀಟನ್ಯಾಗ ಹೆಂಡಿ ಉಳದೈತೇನ?”

ಅವಳು ತಂದಿಟ್ಟಳು. ಧರೆಪ್ಪ ಮೊಣಕಾಲೂರಿ, ತೆವಳಿ ಮಂಚದ ಕಾಲು ಹುಡುಕಿ, ಅಲ್ಲಿಂದ ಎಡಕ್ಕೆ ಎರಡು ಗೇಣು ಅಳೆದ. ಸೆಗಣಿಯಲ್ಲಿ ಕೈ ಅದ್ದಿ ನಾಲ್ಕು ಬೆರಳೂರಿದ. ಕೈಗೆ ಆ ಕೆಲಸ ಬರುತ್ತಿರಲಿಲ್ಲ. ಅಂಗಾಲು ನೆನಪಿಟ್ಟಿದ್ದನ್ನು ಕೈ ತಡವರಿಸುತ್ತ ಬರೆಯತೊಡಗಿತು.

“ಯಪ್ಪಾ, ಬಾಗಲಾ ಈ ಕಡಿ ಐತಿ,” ಎಂದ ಈಶ್ವರ ಮೆಲ್ಲಗೆ. “ಹರವಿ ಆ ಮೂಲ್ಯಾಗ.”

“ಗೊತ್ತೈತಿ.”

ಒಂದು ಸುತ್ತು, ಅದರ ಹೊರಗೆ ಇನ್ನೊಂದು, ಮತ್ತೊಂದು. ಒಬ್ಬರು ಕೂರುವಷ್ಟು ಜಾಗವನ್ನು ನಡುವೆ ಬಿಟ್ಟ. ಆಮೇಲೆ ಮಂಚ ಹತ್ತಿ ಕೂತು ಕಾಲು ಇಳಿಬಿಟ್ಟ. ಹೆಬ್ಬೆರಳಿಗೆ ಹೊರಸುತ್ತಿನ ಹಸಿ ಗೆರೆ ತಾಗಿತು. ಬೆರಳನ್ನು ಅಲ್ಲೇ ಇಟ್ಟುಕೊಂಡ, ಒಳಗೆ ಸರಿಸಲಿಲ್ಲ.