ಕೊಳಕ್ಕೆ ಹೇಳಿದ ಸುಳ್ಳು

ಕೊಳಗಳ ದಾರಿ ಎಷ್ಟು ಸಲೀಸೆಂದರೆ ಮಂಡಿನೋವಿನ ಮುದುಕಿಯೂ ಹತ್ತಿ ಇಳಿಯಬಹುದಿತ್ತು. ಉಬೆರ್ಲಿಂಡಾ ಅಜ್ಜಿ ಹತ್ತಿ ಇಳಿಯುತ್ತಲೂ ಇದ್ದಳು. ವರ್ಷವರ್ಷವೂ ಪೆವೆನ್ ಮರಗಳು ಕಾಯೊಡೆದು ಬೀಜ ಉದುರಿಸುವ ಕಾಲಕ್ಕೆ, ಮೊಮ್ಮಗಳು ಕಿಂತುರಾಯಳ ಬಲ ಹೆಗಲು ಹಿಡಿದುಕೊಂಡು. ಈ ಸಲ ಆ ಹೆಗಲ ಮೇಲೆ ಬುತ್ತಿಯ ಚೀಲ ಮಾತ್ರ ಇತ್ತು.

ಅಜ್ಜಿ ಹೋದದ್ದು ಚಳಿಗಾಲದಲ್ಲಿ, ಹಿಮ ಬಿದ್ದು ರಸ್ತೆ ಮುಚ್ಚಿದ್ದಾಗ. ಮಣ್ಣಿಗೆ ಅಕ್ಕಪಕ್ಕದ ಮನೆಯವರಷ್ಟೇ ಬಂದಿದ್ದರು. ಅಂದಿನಿಂದ ಕಿಂತುರಾಯ್ ಆ ಮಾತನ್ನು ಯಾರ ಮುಂದೆಯೂ ಬಾಯಿಬಿಟ್ಟು ಆಡಿರಲಿಲ್ಲ. ಇವತ್ತು ಆಡಲೇಬೇಕಿತ್ತು, ಕೊಳಗಳ ಮುಂದೆ. ಪ್ರತಿ ಕೊಳಕ್ಕೂ ಒಬ್ಬಳು ಯಜಮಾನಿ ಇದ್ದಾಳೆ. ಬಂದವರು ಯಾರು, ಬಾರದವರು ಯಾಕೆ ಬರಲಿಲ್ಲ ಎಂದು ಅವಳಿಗೆ ತಿಳಿಸದೆ ನೀರು ಮುಟ್ಟಬಾರದು ಎಂಬುದು ಅಜ್ಜಿಯ ಕಟ್ಟಳೆ. ಸುದ್ದಿ ಸಿಗದಿದ್ದರೆ ಆಕೆ ದಡದಲ್ಲೇ ಕಾಯುತ್ತಾಳಂತೆ. ಕಾದು ಕಾದು ಅವಳ ಕೂದಲು ಬೆಳೆದು ಪಾಚಿಯಾಗುತ್ತದಂತೆ.

ಮೊದಲ ಕೊಳದಲ್ಲಿ ಕಿಂತುರಾಯ್ ಹುರಿದ ಗೋಧಿಹಿಟ್ಟನ್ನು ಒಂದು ಚಿಟಿಕೆ ನೀರಿಗೆ ಬಿಟ್ಟು, ತಾನು ಬಂದಿರುವುದಾಗಿ ಹೇಳಿದಳು. ನೀರು ಕಿವಿಗೊಟ್ಟ ಹಾಗೆ ಸುಮ್ಮನಿತ್ತು.

"ಅಜ್ಜಿ ಹಿಂದೆ ಬರ್ತಿದಾಳೆ," ಎಂದುಬಿಟ್ಟಳು. "ಮಂಡಿ ನೋವಲ್ವಾ, ನಿಧಾನ."

ಬಂಡೆಯಾಚೆ ಬ್ರೆಡ್ಡು ತಿನ್ನುತ್ತ ಕೂತಿದ್ದ ಸಾಂತಿಯಾಗೊ ಕಡೆಯ ಗಂಡಹೆಂಡತಿ, ಅದು ತಮಗೇ ಹೇಳಿದ್ದೆಂದುಕೊಂಡರು. ಹೆಂಗಸು ಪಾಪ ಎಂದು ಮರುಗಿ ವಯಸ್ಸು ಕೇಳಿದಳು. ಎಂಬತ್ತು ದಾಟಿದೆ ಎಂದಳು ಕಿಂತುರಾಯ್. ನನ್ನವಳಿಗೆ ನಲವತ್ತಕ್ಕೇ ಏದುಸಿರು ಎಂದು ಗಂಡ ನಕ್ಕ. ಎಷ್ಟೋ ತಿಂಗಳ ಮೇಲೆ ಯಾರೋ ಅಜ್ಜಿಯನ್ನು ಹೀಗೆ, ಇದ್ದಾಳೆ ಎಂಬಂತೆ, ವಿಚಾರಿಸಿದ್ದರು. ಹಿತವೆನಿಸಿತು.

ಮೇಲಿನ ಕೊಳಕ್ಕೂ ಅದನ್ನೇ ಹೇಳಿದಳು. ಅಲ್ಲಿ ನರಪಿಳ್ಳೆಯೂ ಇರಲಿಲ್ಲ. ಬೇಯಿಸಿದ ಬೀಜ ಸುಲಿದು, ರೂಢಿಯಂತೆ ಅಜ್ಜಿಯ ಅರ್ಧ ಪಾಲನ್ನು ಪಕ್ಕದ ಕಲ್ಲಿನ ಮೇಲಿಟ್ಟಳು. ಬಿಸಿಲು ಜಾರಿತು. ಬೀಜ ಹಾಗೇ ಇತ್ತು.

ಇಳಿದು ಬಂದಾಗ, ಕಾಡಿನ ಗೇಟಿನ ಕಾವಲುಗಾರ ದೊನ್ ಎಲಿಸೆಯೊ ಕೋಟು ತೊಟ್ಟು ಟಾರ್ಚು ಹಿಡಿದು ನಿಂತಿದ್ದ. ಆಚೆ ಕಣಿವೆಯವನು, ಸಾವಿನ ಸುದ್ದಿ ಅವನಿಗೆ ಮುಟ್ಟಿರಲಿಲ್ಲ. ಬೆಳಿಗ್ಗೆ ಅವಳು ಒಳಹೋದಾಗ ಅವನು ಗೇಟಿನಲ್ಲಿ ಇರಲೂ ಇಲ್ಲ.

"ಕಾಲಿಗೇನು ಚಕ್ರ ಕಟ್ಕೊಂಡಿದೀಯಾ? ಮುದುಕೀನ ಕಾಡಲ್ಲಿ ಬಿಟ್ಟು ಬಂದ್ಯಲ್ಲೇ."

ಅಜ್ಜಿ ಹಿಂದೆ ಬರುತ್ತಿದ್ದಾಳೆಂದು ಸಾಂತಿಯಾಗೊದವರು ಹೋಗುವಾಗ ಹೇಳಿ ಹೋಗಿದ್ದರಂತೆ. ಎಲಿಸೆಯೊ ತಾನೇ ಹೋಗಿ ಕರೆತರುವುದಾಗಿಯೂ, ಅಷ್ಟರಲ್ಲಿ ಕಿಂತುರಾಯ್ ತನ್ನ ಕಾವಲುಮನೆಯ ಒಲೆಯ ಮೇಲೆ ನೀರಿಡಬೇಕೆಂದೂ, ಕಷಾಯ ಆರಿದ್ದರೆ ಉಬೆರ್ಲಿಂಡಾ ತನ್ನ ಮಾನ ಹರಾಜು ಹಾಕುತ್ತಾಳೆಂದೂ ಗೊಣಗುತ್ತ ದಾರಿ ಹಿಡಿದ. ಅವನೂ ಮುದುಕನೇ, ಒಂದು ಕಾಲನ್ನು ಎಳೆದು ನಡೆಯುತ್ತಿದ್ದ. ಮೊದಲ ತಿರುವಿನವರೆಗೆ ಅವಳು ನೋಡುತ್ತಲೇ ನಿಂತಳು.

"ದೊನ್ ಎಲಿಸೆಯೊ, ಹೋಗ್ಬೇಡಿ. ಅಲ್ಲಿ ಯಾರೂ ಇಲ್ಲ. ಅಜ್ಜಿ ಚಳಿಗಾಲದಲ್ಲೇ ತೀರ್ಕೊಂಡ್ಳು."

ಅವನು ಟೋಪಿ ತೆಗೆದ. ಕಾಲೆಳೆಯುತ್ತ ಅವಳ ಬಳಿಗೆ ವಾಪಸು ಬಂದ.

"ಕೊಳಕ್ಕೆ ಹೇಳಿದ್ಯಾ?"

"ಬರ್ತಿದಾಳೆ ಅಂದೆ."

"ಹಂಗಾದ್ರೆ ಕಾಯ್ತಿರತ್ತೆ ಕಣಮ್ಮ."

ಟಾರ್ಚನ್ನು ಅವಳ ಕೈಗಿತ್ತು, ಗೇಟು ಹಾಕುವುದಿಲ್ಲ ಎಂದ. ಜೊತೆಗೆ ಬರುತ್ತೇನೆ ಎನ್ನಲಿಲ್ಲ.

ಕೆಳಗಿನ ಆ ಮೊದಲ ಕೊಳ ಹತ್ತಿರವೇ, ಬೆಳಕಿರುವಾಗಲೇ ಮುಟ್ಟಬಹುದಿತ್ತು. ಅಜ್ಜಿ ತೀರ್ಕೊಂಡ್ಳು ಎಂದು ಈಗಷ್ಟೇ ಆಡಿದ ಮಾತನ್ನು ಬಾಯೊಳಗೇ ಮತ್ತೆ ಮತ್ತೆ ಹೇಳಿಕೊಳ್ಳುತ್ತ ಕಿಂತುರಾಯ್ ಹತ್ತತೊಡಗಿದಳು, ಬಲ ಹೆಗಲನ್ನು ಒಂಚೂರು ತಗ್ಗಿಸಿಕೊಂಡೇ.