ಕುರುಡು ರಟ್ಟು

ಒಂದಕ್ಕೊಂದು ಕೂರದ ಎರಡು ಸಾಮಾನು ಕೈಗೆ ಸಿಕ್ಕಿದರೆ ಬುದ್ಧಿವಂತನೂ ಬುದ್ಧಿ ಕಳೆದುಕೊಳ್ಳುತ್ತಾನೆ. ಇನ್ನು ಕೊಳ್ಳೇಗಾಲದ ನೇಕಾರ ವೆಂಕಟಸ್ವಾಮಿಯ ಪಾಡು ಕೇಳಬೇಕೆ. ಆ ಗುರುವಾರದಿಂದ ಭಾನುವಾರದವರೆಗೆ ಅವನು ಕೂತು ಉಂಡದ್ದಿಲ್ಲ. ತಟ್ಟೆ ಕೈಯಲ್ಲಿ ಹಿಡಿದು ನಡುಮನೆಗೂ ಬೀದಿಬಾಗಿಲಿಗೂ ಓಡಾಡುತ್ತಲೇ ಮುದ್ದೆ ನುಂಗಿದ. ಯಾರಾದರೂ ಮಾತಾಡಿಸಿದರೆ ಅರ್ಧ ಕೇಳಿ ಎದ್ದು ಹೋದ. ಇಷ್ಟಕ್ಕೆಲ್ಲ ಕಾರಣ ಮುಷ್ಟಿಗಾತ್ರದ ಒಂದು ಪಂಪು.

ಅರವತ್ತೊಂಬತ್ತನೇ ಇಸವಿಯ ಮಾತು. ಇಪ್ಪತ್ತಾರು ವರ್ಷ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯ್ದ ವೆಂಕಟಸ್ವಾಮಿಗೆ ಒಂದು ದಿನ ಇನ್ನು ಸಾಕು ಅನ್ನಿಸಿತು. ಎದುರಿಗೆ ಗೋಡೆ, ಕೆಳಗೆ ಗುಂಡಿ, ಹೊರಗೆ ಹನೂರಿಗೆ ಹೋಗುವ ಬಸ್ಸಿನ ಹಾರನ್ನು. ಆ ಹಾರನ್ನು ಕೇಳಿದಾಗಲೆಲ್ಲ ಅವನ ಕಾಲು ತುಳಿಯುವುದನ್ನು ಮರೆಯುತ್ತಿತ್ತು. ಮನೆಯಲ್ಲಿದ್ದದ್ದು ಎರಡು ಮಗ್ಗ, ಒಂದು ಅವನದು, ಇನ್ನೊಂದು ಹೆಂಡತಿ ರುದ್ರಾಣಿಯದು. ತನ್ನದನ್ನು ಮಾರಿದ. ಕೂಡಿಟ್ಟದ್ದನ್ನೂ ಅದಕ್ಕೆ ಸೇರಿಸಿ, ಹನ್ನೊಂದು ವರ್ಷ ಹಳೆಯ ಅಂಬಾಸಿಡರ್ ಕಾರೊಂದನ್ನು ತಂದು, ಬಾಡಿಗೆಗೆ ಓಡಿಸುತ್ತೇನೆಂದು ಬಾಗಿಲ ಮುಂದೆ ನಿಲ್ಲಿಸಿದ. ರುದ್ರಾಣಿ ಬೈಯಲಿಲ್ಲ, ಅಳಲಿಲ್ಲ. ಖಾಲಿಯಾದ ಗುಂಡಿಗೆ ಹಲಗೆ ಮುಚ್ಚಿದಳು.

"ಯುಗಾದಿ ಗಂಟ ನೋಡ್ತೀನಿ," ಅಂದಳು. "ಅಷ್ಟ್ರೊಳಗೆ ಇದ್ಕೊಂದು ಕಾಯಂ ಕೆಲ್ಸ ಸಿಕ್ಬೇಕು. ಸಿಗ್ನಿಲ್ಲ ಅಂದ್ರೆ ಇದ್ನ ಮಾರ್ಬುಟ್ಟು, ಈ ಹಲ್ಗೆ ತೆಗ್ದು, ಮತ್ತೆ ಗುಂಡಿಗೆ ಇಳೀಬೇಕು. ಮಗ್ಗ ಮುಟ್ಟಿ ಹೇಳಿ."

ಅವಳ ಮಗ್ಗವನ್ನೇ ಮುಟ್ಟಿ ಹೇಳಿದ. ಮಗ್ಗ ಮುಟ್ಟಿ ಆಡಿದ ಮಾತನ್ನು ಆ ಬೀದಿಯಲ್ಲಿ ಯಾರೂ ತಪ್ಪಿದವರಿಲ್ಲ. ಅದಾದ ಮೇಲೆ ರುದ್ರಾಣಿ ಆ ಕಾರಿನೊಳಗೆ ಒಂದು ದಿನವೂ ಕೂರಲಿಲ್ಲ. ಸಂತೆಗೂ ನಡೆದೇ ಹೋದಳು.

ಯುಗಾದಿಗೆ ಇನ್ನೊಂದು ತಿಂಗಳಿದೆ ಅನ್ನುವಾಗ ಅದೃಷ್ಟ ಬಾಗಿಲು ತಟ್ಟಿತು. ಯಳಂದೂರಿನ ಬೆಲ್ಲದ ವ್ಯಾಪಾರಿ ಶಿವಮಲ್ಲಪ್ಪನವರಿಗೆ ಮಂಡಿನೋವು, ಬಸ್ಸು ಹತ್ತಲಾರರು. ತಿಂಗಳ ಬಾಡಿಗೆಗೆ ಅವರಿಗೊಂದು ಕಾರು ಬೇಕಿತ್ತು. ಸೋಮವಾರ ಬೆಳಿಗ್ಗೆ ಎಂಟಕ್ಕೆ ತಮ್ಮ ಜಗಲಿಯ ಮುಂದೆ ಕಾರು ನಿಂತಿರಬೇಕು, ಒಂಬತ್ತಾದರೆ ಬೇರೆಯವನ ಕಾರು ನೋಡಿಕೊಳ್ಳುತ್ತೇನೆ ಎಂದು ಹೇಳಿಕಳಿಸಿದರು. ಈ ಮಾತು ಬಂದದ್ದು ಬುಧವಾರ. ಗುರುವಾರ ಬೆಳಿಗ್ಗೆ ಕಾರು ನಾಲ್ಕು ಸಲ ಕೆಮ್ಮಿ ನಿಂತುಬಿಟ್ಟಿತು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ.

ಹನೂರು ರಸ್ತೆಯ ಹುಣಸೇಮರದ ಕೆಳಗೆ ರಿಪೇರಿ ಮಾಡುವ ದೊಡ್ಡಮಾದಯ್ಯ ಬಾನೆಟ್ಟಿನೊಳಗೆ ತಲೆಯಿಟ್ಟು ಎರಡೇ ನಿಮಿಷಕ್ಕೆ ತೆಗೆದ.

"ಟ್ಯಾಂಕಿಂದ ಇಂಜಿನ್ಗೆ ಪೆಟ್ರೋಲು ಎಳ್ಕೊಡ್ತದಲ್ಲ, ಆ ಪಂಪು ಓಗದೆ ಕಣ್ಲಾ. ಕಂಪ್ನೀದೇ ಬೇಕು ಅಂದ್ರೆ ಮೂರು ತಿಂಗ್ಳು ಕಾಯ್ಬೇಕು. ಮೈಸೂರ್ಗೆ ಓಗಿ ಡೂಪ್ಲಿಕೇಟ್ ತಕಂಡು ಬಾ."

ವೆಂಕಟಸ್ವಾಮಿ ನಿಂತ ಕಾಲಲ್ಲೇ ಬಸ್ಸು ಹತ್ತಿದ. ಸಂಜೆ ತಂದ ಪಂಪಿನ ಡಬ್ಬದ ಮೇಲೆ ಕೆಂಪು ಇಂಗ್ಲಿಷ್ ಅಕ್ಷರದಲ್ಲಿ 'ಜೆನ್ಯೂಯಿನ್' ಎಂದು ಅಚ್ಚಾಗಿತ್ತು. ಡಬ್ಬವೇನೋ ಜೆನ್ಯೂಯಿನ್ನೇ, ಒಳ್ಳೆ ಗಟ್ಟಿ ರಟ್ಟಿನದು. ಒಳಗಿದ್ದ ಪಂಪಿಗೆ ಎರಡು ಬೋಲ್ಟಿನ ತೂತು. ಒಂದು ತೂತು ಇಂಜಿನ್ನಿನ ತೂತಿಗೆ ಸರಿಯಾಗಿ ಬಂತು, ಇನ್ನೊಂದು ಅರ್ಧ ಬೆರಳು ಆಚೆ ನಿಂತಿತು.

ಶುಕ್ರವಾರ ಮತ್ತೆ ಮೈಸೂರು. ಅಂಗಡಿಯವನು ತಲೆಯೆತ್ತಿಯೂ ನೋಡಲಿಲ್ಲ. "ಎಲ್ಲಾ ಕೂರುತ್ತೆ ಕಣ್ರಿ, ಕೂರಿಸೋರಿಗೆ ಗೊತ್ತಿರಬೇಕು" ಎಂದು ಅದೇ ಡಬ್ಬದಲ್ಲಿ ಇನ್ನೊಂದನ್ನು ಹಾಕಿಕೊಟ್ಟ. ಶನಿವಾರ ಅದರ ತೂತುಗಳು ಕೂತವು, ಪೆಟ್ರೋಲಿನ ಪೈಪು ಕೂರಲಿಲ್ಲ. ದೊಡ್ಡಮಾದಯ್ಯ ಹಿತ್ತಾಳೆಯ ಚೂರೊಂದನ್ನು ಅರ ಹಾಕಿ ಉಜ್ಜಿ ಉಜ್ಜಿ, ಸಂಜೆಯ ಹೊತ್ತಿಗೆ ಪೈಪಿಗೂ ಪಂಪಿಗೂ ಸಂಬಂಧ ಕೂಡಿಸಿದ. ಅಷ್ಟೂ ಹೊತ್ತು ವೆಂಕಟಸ್ವಾಮಿ ಹುಣಸೇಮರಕ್ಕೆ ಪ್ರದಕ್ಷಿಣೆ ಹಾಕುತ್ತಿದ್ದ.

"ಲೇ, ಒಂದ್ಕಡೆ ಕೂತ್ಕಳ್ಳಲಾ. ನಿನ್ ನೋಡ್ತಾ ನೋಡ್ತಾ ನಂಗೇ ತಲೆ ತಿರುಗ್ತದೆ," ಅಂದ ದೊಡ್ಡಮಾದಯ್ಯ.

ಭಾನುವಾರ ಬೆಳಿಗ್ಗೆ ಬೋಲ್ಟು ಬಿಗಿಯಲು ಹೋದರೆ ಪಂಪು ಇಂಜಿನ್ನಿಗೆ ಒರಗಲೇ ಇಲ್ಲ. ಇಂಜಿನ್ನಿನೊಳಗೆ ಚಾಚಿಕೊಂಡು ಪಂಪನ್ನು ಆಡಿಸುವ ಕಬ್ಬಿಣದ ಕೈಯೊಂದಿರುತ್ತದೆ, ಈ ಪಂಪಿನ ಕೈ ಸ್ವಲ್ಪ ಉದ್ದ. ಇನ್ನೂ ಬಿಗಿದರೆ ಮುರಿಯುವುದು ಖಂಡಿತ. ವೆಂಕಟಸ್ವಾಮಿಗೆ ಅಳು ಬಂತು. ಅಳುವುದಕ್ಕೂ ಒಂದು ಕಡೆ ನಿಲ್ಲಬೇಕಲ್ಲ, ಅದೂ ಆಗಲಿಲ್ಲ.

"ಮಧ್ಯ ದಪ್ಪಕ್ಕೆ ಪ್ಯಾಕಿಂಗ್ ಕೊಟ್ರೆ ಕೂರ್ತದೆ," ಎಂದ ದೊಡ್ಡಮಾದಯ್ಯ. "ಗಟ್ಟಿಯಾಗಿರ್ಬೇಕು, ಎಣ್ಣೆ ಕುಡೀಬಾರ್ದು."

ಹಳೆಯ ಚಪ್ಪಲಿಯ ತೊಗಲು ಕತ್ತರಿಸಿ ಇಟ್ಟರು, ಅದು ಅಪ್ಪಚ್ಚಿಯಾಯಿತು. ಸೈಕಲ್ ಟ್ಯೂಬು ಇಟ್ಟರು, ಜಾರಿತು. ಕ್ಯಾಲೆಂಡರಿನ ಬೆನ್ನಿನ ಹಾಳೆ ಎಣ್ಣೆ ಕುಡಿದು ಹಪ್ಪಳವಾಯಿತು. ಭಾನುವಾರವಾದ್ದರಿಂದ ಅಂಗಡಿಗಳೆಲ್ಲ ಮುಚ್ಚಿದ್ದವು. ನಟ್ಟು ಬೋಲ್ಟು ಕಳೆಯಬಾರದೆಂದು ಪಂಪಿನ ಡಬ್ಬದಲ್ಲಿ ತುಂಬಿಟ್ಟು, ಆ ಡಬ್ಬವನ್ನೇ ಕಂಕುಳಲ್ಲಿಟ್ಟುಕೊಂಡು, ಗಟ್ಟಿ ರಟ್ಟು ಎಲ್ಲಿ ಸಿಕ್ಕೀತೆಂದು ಊರೆಲ್ಲ ಸುತ್ತಿ ವೆಂಕಟಸ್ವಾಮಿ ಮನೆಗೆ ಬಂದ.

ಅಂದು ಅಮಾವಾಸ್ಯೆ. ಅಮಾವಾಸ್ಯೆಯ ದಿನ ನೇಕಾರರು ಮಗ್ಗ ಮುಟ್ಟುವುದಿಲ್ಲ. ರುದ್ರಾಣಿ ಮಗ್ಗಕ್ಕೆ ಕುಂಕುಮವಿಟ್ಟು ಗುಡಿಗೆ ಹೋಗಿದ್ದಳು. ಮನೆ ನಿಶ್ಶಬ್ದವಾಗಿತ್ತು. ತಲೆಯೆತ್ತಿದರೆ ಮಗ್ಗದ ಮೇಲೆ ರಟ್ಟುಗಳ ಮಾಲೆ ತೂಗುತ್ತಿತ್ತು.

ಸೀರೆಯ ಅಂಚಿನಲ್ಲಿ ಮಾವಿನಕಾಯಿ ಮೂಡುವುದು ಆ ಮಾಲೆಯಿಂದ. ಒಂದೊಂದು ರಟ್ಟಿನಲ್ಲೂ ತೂತುಗಳಿರುತ್ತವೆ, ಯಾವ ಎಳೆ ಏಳಬೇಕೆಂದು ಆ ತೂತು ಹೇಳುತ್ತದೆ. ಕಾಲು ತುಳಿದಂತೆಲ್ಲ ರಟ್ಟು ಒಂದೊಂದಾಗಿ ಸರಿಯುತ್ತದೆ. ಮಾಲೆಯ ಕೊನೆಯ ಆರು ರಟ್ಟುಗಳಲ್ಲಿ ಮಾತ್ರ, ದಾರ ಪೋಣಿಸುವ ಅಂಚಿನ ತೂತು ಬಿಟ್ಟರೆ, ಬೇರೆ ತೂತೇ ಇಲ್ಲ. ಅವನ್ನು ಆ ಮನೆಯಲ್ಲಿ ಕುರುಡು ರಟ್ಟು ಅನ್ನುತ್ತಿದ್ದರು. ಅವು ಸರಿಯುವಾಗ ಅಂಚಿನಲ್ಲಿ ಏನೂ ಮೂಡುವುದಿಲ್ಲ. ಅಲ್ಲಿ ಏನೂ ಮೂಡಬಾರದೆಂದೇ ಅವು ಇರುವುದು. ಒಂದು ಮಾವಿನಕಾಯಿಗೂ ಇನ್ನೊಂದಕ್ಕೂ ನಡುವೆ ಒಂದು ಭತ್ತದ ಕಾಳು ಮಲಗುವಷ್ಟು ಜಾಗ ಬಿಡುವುದು ಅವುಗಳ ಕೆಲಸ.

ಇದೆಲ್ಲ ವೆಂಕಟಸ್ವಾಮಿಗೆ ಗೊತ್ತಿಲ್ಲದ್ದೇನಲ್ಲ. ರುದ್ರಾಣಿಗೆ ಕಲಿಸಿದವನೇ ಅವನು. ಆದರೆ ಆತುರಗಾರನಿಗೆ ಬುದ್ಧಿ ಮಟ್ಟ. ತೂತಿಲ್ಲದ ರಟ್ಟು, ಎಣ್ಣೆಗೆ ಜಗ್ಗದಂತೆ ವರ್ಷಾನುಗಟ್ಟಲೆ ಕೈ ಸೋಕಿ ಗಟ್ಟಿಯಾದ ರಟ್ಟು, ಇವತ್ತು ಹೇಗೂ ಮಗ್ಗ ಓಡುವುದಿಲ್ಲ, ಸಂಜೆಗೆ ಬೇರೆ ಆರು ಕತ್ತರಿಸಿ ಪೋಣಿಸಿದರಾಯಿತು. ಇಷ್ಟೇ ಅವನ ತಲೆಗೆ ಬಂದದ್ದು. ದಾರ ಬಿಚ್ಚಿ ಆರನ್ನೂ ತೆಗೆದು, ಮಾಲೆಯ ತುದಿಗಳನ್ನು ಮತ್ತೆ ಕಟ್ಟಿ, ಏನೂ ಆಗಿಲ್ಲವೆಂಬಂತೆ ತೂಗಬಿಟ್ಟ.

ದೊಡ್ಡಮಾದಯ್ಯ ಆರನ್ನೂ ವಾರ್ನಿಷ್ ಬಳಿದು ಅಂಟಿಸಿ, ಕತ್ತರಿಸಿ, ತೂತು ಕೊರೆದು ಪಂಪಿನ ಹಿಂದೆ ಇಟ್ಟ. ಬೋಲ್ಟು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಮೂರನೆಯ ಸಲಕ್ಕೆ ಇಂಜಿನ್ನು ಹೊತ್ತಿಕೊಂಡಿತು. ವೆಂಕಟಸ್ವಾಮಿ ಮರಡಿಗುಡ್ಡದವರೆಗೆ ಎರಡು ಸಲ ಹೋಗಿ ಬಂದ. ಮನೆಗೆ ಬಂದವನು ಡಬ್ಬವನ್ನು ಮೂಲೆಗೆ ಎಸೆದು, ನಾಲ್ಕು ದಿನಗಳಲ್ಲಿ ಮೊದಲ ಬಾರಿಗೆ ಕೂತು ಉಂಡು, ಉಂಡ ಕಡೆಯೇ ನಿದ್ದೆ ಹೋದ. ರಟ್ಟಿನ ಮಾತು ಅವನ ನೆನಪಿಗೇ ಬರಲಿಲ್ಲ.

ನೆನಪಾದದ್ದು ಸೋಮವಾರ ಬೆಳಿಗ್ಗೆ. ಕಾರನ್ನು ಸ್ಟಾರ್ಟ್ ಮಾಡಿ, ಇಂಜಿನ್ನು ಬಿಸಿಯಾಗಲೆಂದು ಬಾಗಿಲ ಬಳಿ ನಿಂತಿದ್ದ. ಒಳಗೆ ರುದ್ರಾಣಿಯ ಮಗ್ಗ ಸದ್ದು ಮಾಡತೊಡಗಿತು. ಟಕ್, ಟಕ್. ಆ ಸದ್ದು ಕಿವಿಗೆ ಬಿದ್ದದ್ದೇ ಅವನು ಮನೆಯ ಕಡೆ ತಿರುಗಿದ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು.

ಒಂದು ಕಾಲು ಕಾರಿನೊಳಗೆ, ಒಂದು ಕಾಲು ಬೀದಿಯಲ್ಲಿ ಇಟ್ಟು ಅವನು ಕಾದ. ಈಗ ಕೂಗುತ್ತಾಳೆ, ಈಗ ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ಅವಳು ಕೂಗಲಿಲ್ಲ. ಮಗ್ಗವೂ ಮತ್ತೆ ಸದ್ದು ಮಾಡಲಿಲ್ಲ. ಒಳಗೆ ಹೋದರೆ ತಪ್ಪೊಪ್ಪಬೇಕು, ಪಂಪು ಬಿಚ್ಚಿ ರಟ್ಟು ಕೊಡಬೇಕು, ಎಂಟು ಗಂಟೆ ಮೀರುತ್ತದೆ, ಗುಂಡಿಯ ಹಲಗೆ ತೆಗೆಯಬೇಕು. ಹೋಗದಿದ್ದರೆ ತಾನೆಂಥ ಗಂಡಸು. ಕೊನೆಗೆ ಹೆದರಿ, ಕಳ್ಳನ ಹಾಗೆ ಕಾರು ಬಿಟ್ಟುಕೊಂಡು ಹೋದ.

ಯಳಂದೂರಿನವರೆಗೆ ಪಂಪು ಒಂದು ಸಲವೂ ತಪ್ಪಲಿಲ್ಲ. ಅದು ಸರಿಯಾಗಿ ಓಡಿದಷ್ಟೂ ಅವನಿಗೆ ಸಂಕಟವಾಯಿತು. ಶಿವಮಲ್ಲಪ್ಪನವರು ಮೂರು ಸಲ ಬಾಗಿಲು ಹಾಕಿ ತೆಗೆದು ನೋಡಿ, ಹಿಂದೆ ಕೂತು, ಹೊನ್ನೂರಿನ ತಮ್ಮ ಕಬ್ಬಿನ ಗದ್ದೆಯವರೆಗೆ ಹೋಗಿ ಬಂದರು. ಮಂಡಿ ಸವರಿಕೊಂಡು ಇಳಿದರು.

"ಪರ್ವಾಗಿಲ್ಲ ಕಣಯ್ಯ, ಕುಲುಕಾಟ ಕಮ್ಮಿ. ನಾಳೆಯಿಂದ ಬಂದ್ಬುಡು," ಎಂದರು. ಆಮೇಲೆ ಅವನ ಮುಖ ನೋಡಿದರು. "ಕೆಲ್ಸ ಕೊಟ್ರೂ ಯಾಕಯ್ಯಾ ಮುಖ ಇಂಗೆ ಮಾಡ್ಕಂಡಿದ್ದೀಯೆ?"

"ಮನೇಲಿ ಮಗ್ಗ ನಿಂತೋಗದೆ ಸಾವ್ಕಾರ್ರೆ," ಎಂದ ವೆಂಕಟಸ್ವಾಮಿ. ಅವರಿಗೆ ಅರ್ಥವಾಗಲಿಲ್ಲ.

ಮನೆಗೆ ಬಂದಾಗ ರುದ್ರಾಣಿ ಸ್ಟೂಲಿನ ಮೇಲೆ ನಿಂತು ಮಾಲೆಗೆ ರಟ್ಟು ಪೋಣಿಸುತ್ತಿದ್ದಳು. ಹಳೆಯ ಕಂದು ರಟ್ಟುಗಳ ಸಾಲಿನ ಕೊನೆಗೆ ಆರು ಹೊಸ ಬಿಳಿ ರಟ್ಟು. ಅವುಗಳ ಮೇಲೆ ಕೆಂಪು ಅಕ್ಷರಗಳು ತುಂಡು ತುಂಡಾಗಿ ಕಾಣುತ್ತಿದ್ದವು. ಮೂಲೆಯಲ್ಲಿದ್ದ ಪಂಪಿನ ಡಬ್ಬ ಮಾಯವಾಗಿ, ಅದರೊಳಗಿದ್ದ ನಟ್ಟು ಬೋಲ್ಟು ಒಂದು ಬಟ್ಟಲಲ್ಲಿ ಬಿದ್ದಿದ್ದವು. ವೆಂಕಟಸ್ವಾಮಿ ಬಟ್ಟಲನ್ನು ನೋಡಿದ, ಮಾಲೆಯನ್ನು ನೋಡಿದ. ಇಡೀ ಭಾನುವಾರ ಅವನು ಊರೆಲ್ಲ ಹುಡುಕಿದ್ದು ಅವನ ಕಂಕುಳಲ್ಲೇ ಇತ್ತು.

ರುದ್ರಾಣಿ ಗುಂಡಿಗಿಳಿದು, ಲಾಳಿ ಎಸೆಯದೆ ಬರಿದೇ ಕಾಲು ತುಳಿದಳು. ಮಾಲೆ ಸರಿಯಿತು. ಆರು ರಟ್ಟೂ ಎಲ್ಲೂ ತಡೆಯದೆ, ಒಂದರ ಹಿಂದೆ ಒಂದು ಬಂದು ಕೂತು ಮುಂದೆ ಹೋದವು.

"ನಿಮ್ ಡೂಪ್ಲಿಕೇಟ್ ಸಾಮಾನು ನಮ್ ಮಗ್ಗಕ್ಕೆ ಒಂದೇ ಸಲಕ್ಕೆ ಕೂತ್ಕತು ನೋಡಿ," ಅಂದಳು.

ಅವನಿಗೆ ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಅನ್ನಿಸಿತು. "ಬೆಳಿಗ್ಗೇನೇ ಗೊತ್ತಾಯ್ತಲ್ಲ ನಿಂಗೆ. ಯಾಕೆ ಕೂಗ್ನಿಲ್ಲ?"

"ಕೂಗಿದ್ರೆ ಇಂಜಿನ್ ಆಫ್ ಮಾಡ್ಬುಟ್ಟು ಒಳಕ್ಕೆ ಬರ್ತಿದ್ರಿ," ಎಂದಳು ರುದ್ರಾಣಿ. "ಆಮೇಲೆ ಅದು ಮತ್ತೆ ಸ್ಟಾರ್ಟ್ ಆಯ್ತಿತ್ತೋ ಇಲ್ವೋ."

ವೆಂಕಟಸ್ವಾಮಿ ಬಟ್ಟಲಿನ ನಟ್ಟೊಂದನ್ನು ಎತ್ತಿ ಕೈಯಲ್ಲಿ ತಿರುವಿದ. "ಕೆಲ್ಸ ಸಿಕ್ತು ಕಣೆ," ಅಂದ.

"ಸಿಕ್ಲಿ. ಈಗ ಗುಂಡಿಗೆ ಇಳೀರಿ."

ಅವನು ಬೆಚ್ಚಿ ನೋಡಿದ. ಅವಳು ಮೇಲೆ ಬಂದು ಅಂಚನ್ನು ತೋರಿಸಿದಳು. ಎರಡು ಮಾವಿನಕಾಯಿಗಳು ನಡುವೆ ಜಾಗವಿಲ್ಲದೆ ಒಂದರ ಬೆನ್ನಿಗೊಂದು ಅಂಟಿಕೊಂಡಿದ್ದವು. "ಇದ್ನ ಬಿಚ್ಚೋರ್ಯಾರು? ಒಂದು ಎಳೇನೂ ಕಡೀಕೂಡ್ದು."

ವೆಂಕಟಸ್ವಾಮಿ ಗುಂಡಿಗಿಳಿದ. ಆ ತಂಪು ಕಾಲಿಗೆ ತಟ್ಟಿದಾಗ ಎಂದಿನ ಸಿಟ್ಟು ಬರಲಿಲ್ಲ. ರೇಷ್ಮೆ ಬಿಚ್ಚುವುದು ನೇಯುವುದಕ್ಕಿಂತ ನಾಲ್ಕು ಪಟ್ಟು ನಿಧಾನದ ಕೆಲಸ. ಜರಿಯ ಎಳೆಯೊಂದನ್ನು ಉಗುರಿನಿಂದ ಎತ್ತಿ, ಬಿಡಿಸಿ, ಸುತ್ತಿಟ್ಟು, ಇನ್ನೊಂದನ್ನು ಎತ್ತಿದ.

ಹೊರಗೆ ಕಾರಿನ ಬಾಗಿಲು ತೆಗೆದು ಹಾಕಿದ ಸದ್ದಾಯಿತು. ಆಮೇಲೆ ಹಾರನ್ನು ಕೂಗಿತು, ಕಲಿಯದ ಕೈ ಒತ್ತಿದ ಹಾಗೆ, ಅರ್ಧಂಬರ್ಧ. "ಮುಗ್ಸಿ ಬನ್ನಿ," ಎಂದು ರುದ್ರಾಣಿ ಬೀದಿಯಿಂದ ಕೂಗಿದಳು. "ಸಂತೆಗೆ ಓಗ್ಬೇಕು."

ವೆಂಕಟಸ್ವಾಮಿಯ ಕಾಲು ಎದ್ದೇಳಲು ತವಕಿಸಿತು. ಎದ್ದರೆ ಎಳೆ ಕಡಿಯುತ್ತದೆ. ಹಾರನ್ನು ಇನ್ನೊಂದು ಸಲ ಕೂಗಿತು. ಅವನು ತಲೆಯೆತ್ತದೆ ಎರಡನೆಯ ಮಾವಿನಕಾಯಿ ಬಿಚ್ಚುತ್ತಲೇ ಕೂತ.