ಉಡಿಯ ಅಕ್ಕಿ

"ಕಣ್ಣಾಗ ಹೇಲು ತುಂಬೇತೇನ ನಿಂದು? ಕಲ್ಲು ಹೊಂಟೈತಿ ನೋಡು."

ಸೂಪರ್‌ವೈಸರ್ ಸಂಗಮೇಶನ ಬೈಗುಳಕ್ಕೆ ಗಿಡ್ಡಮ್ಮ ತಲೆ ಎತ್ತಲಿಲ್ಲ. ಓಡುವ ಬೆಲ್ಟಿನ ಮೇಲಿನ ಅಕ್ಕಿಯಲ್ಲಿ ಕೈಯಾಡಿಸಿ, ಕಲ್ಲು ಹೆಕ್ಕಿ ಡಬ್ಬಿಗೆ ಹಾಕಿದಳು. ಸಿರುಗುಪ್ಪದ ಆ ಕಾರ್ಖಾನೆಯಲ್ಲಿ ಅಕ್ಕಿಯನ್ನು ಹಿಟ್ಟು ಮಾಡಿ, ಕೊಳೆಸಿ, ಪೆಟ್ರೋಲಿಗೆ ಬೆರೆಸುವ ಸ್ಪಿರಿಟ್ ಇಳಿಸುತ್ತಿದ್ದರು. ಅಕ್ಕಿಯೊಳಗಿನ ಕಬ್ಬಿಣ ಸೆಳೆಯುವ ಅಯಸ್ಕಾಂತ ಕೆಟ್ಟು ತಿಂಗಳಾಗಿತ್ತು. ಅದರ ರಿಪೇರಿಗಿಂತ ಹೆಂಗಸರ ಕಣ್ಣು ಅಗ್ಗ. ಒಂದು ನಟ್ಟು ಒಳಗೆ ಹೋದರೂ ಹಿಟ್ಟಿನ ಯಂತ್ರ ಎಂಟು ದಿನ ಮಲಗುತ್ತದೆ, ಹಾಗೆ ಬಿಟ್ಟವಳನ್ನು ಗೇಟಿನಾಚೆ ಒಗೆಯುತ್ತೇನೆ ಎಂದು ಸಂಗಮೇಶ ದಿನಾ ಹೇಳುತ್ತಿದ್ದ.

ಹುಳಿತ ಗಂಜಿಯ ನಾತ ಕೂದಲಿಗೆ ಅಂಟಿ ಕೂತಿತ್ತು. ಹಚ್ಚೊಳ್ಳಿ ಬಸ್ಸಿನಲ್ಲಿ ಪಕ್ಕದವರು ಸೆರಗಿನಿಂದ ಮೂಗು ಮುಚ್ಚುತ್ತಿದ್ದರು. ಜೊತೆಯಲ್ಲೇ ಕೆಲಸಕ್ಕೆ ಬರುವ ಮಗಳು ಹುಲಿಗೆಮ್ಮ ಏಳು ತಿಂಗಳ ಬಸುರಿ. ಬೆಲ್ಟು ಬಿಟ್ಟು ಏಳುವಂತಿಲ್ಲವೆಂದು ಬಾಯಿಗೆ ಬಂದ ವಾಂತಿಯನ್ನು ನುಂಗಿಕೊಂಡು ಕೂತಿರುತ್ತಿದ್ದಳು.

ಅಂದು ಹಸಿರು ಇಂಧನದ ದಿನವಂತೆ. ಮಾಲೀಕರ ಹೆಂಡತಿ ದಾಕ್ಷಾಯಣಿ ಬಳ್ಳಾರಿಯಿಂದ ಬಂದರು. ಜೊತೆಗೆ ಬಂದ ಫೋಟೋದವನು ಉಡಿ ತುಂಬುವ ಚಿತ್ರಕ್ಕೆ ಬಸುರಿಯೊಬ್ಬಳು ಬೇಕು ಎಂದ. ಹುಲಿಗೆಮ್ಮನನ್ನು ಹೊಸ ಚೀಲದ ಮೇಲೆ ಕೂರಿಸಿದರು. ಗಂಡ ಸತ್ತವಳು ಎದುರಿಗಿರಬಾರದೆಂದು ಸಂಗಮೇಶ ಗಿಡ್ಡಮ್ಮನನ್ನು ಕಂಬದ ಹಿಂದೆ ಅಟ್ಟಿದ. ದಾಕ್ಷಾಯಣಿ ಬೆರಳ ತುದಿಯಲ್ಲಿ ಕುಂಕುಮವಿಟ್ಟು, ಐದು ಬೊಗಸೆ ಅಕ್ಕಿ, ಅರಿಶಿನದ ಕೊಂಬು, ಅಡಿಕೆ, ತೆಂಗಿನಕಾಯಿ ಹಾಕಿ ಉಡಿ ತುಂಬಿದರು. ಆಮೇಲೆ ಅಲ್ಲೇ ನಿಂತು ಸ್ಯಾನಿಟೈಸರ್ ಸುರಿದುಕೊಂಡು ಕೈ ತಿಕ್ಕಿಕೊಂಡರು.

ಗಿಡ್ಡಮ್ಮನಿಗೂ ಹೇಸಿಗೆಯಾಯಿತು. ಆದರೂ ಗಂಡನ ಮನೆಯವರು ಬಸುರಿಗೆ ಮಾಡುವ ಕುಬುಸದ ಶಾಸ್ತ್ರವನ್ನೂ ಮಾಡದೆ ಬಿಟ್ಟ ಮಗಳಿಗೆ ಯಾರ ಕೈಯಿಂದಲೋ ಉಡಿ ತುಂಬಿತ್ತು. ಸಂಜೆ ಆ ಅಕ್ಕಿಯನ್ನು ಬೇಯಿಸಿ ಮೊದಲ ತುತ್ತು ತಾನೇ ಉಣ್ಣಿಸಬೇಕು ಅಂದುಕೊಂಡಳು.

ಕಾರು ಗೇಟು ದಾಟಿತು.

"ಫೋಟೋ ಆತು. ಉಡಿ ಬಿಚ್ಚು," ಎಂದ ಸಂಗಮೇಶ.

ಹುಲಿಗೆಮ್ಮ ಸೆರಗಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಉಡಿ ಅಕ್ಕಿ ಚೆಲ್ಲಬಾರದ್ರಿ ಸಾಹೇಬ್ರ," ಎಂದು ಗಿಡ್ಡಮ್ಮ ಅಡ್ಡ ಬಂದಳು. "ಹೊಟ್ಟ್ಯಾಗ ಕೂಸೈತ್ರಿ."

"ನಿಮ್ಮಪ್ಪಂದೇನಬೇ ಅಕ್ಕಿ? ಇದು ಕಾರು ಕುಡಿಯೋ ಅಕ್ಕಿ. ನಿಮ್ಮಂಥ ಹೊಲಸು ಬಾಯಿಗಲ್ಲ."

ಅವನೇ ಬಗ್ಗಿ ಗಂಟು ಎಳೆದ. ಅಕ್ಕಿ ಬೆಲ್ಟಿನ ಮೇಲೆ ಸುರಿಯಿತು. ಹುಲಿಗೆಮ್ಮ ಬರಿದಾದ ಸೆರಗನ್ನು ಹೊಟ್ಟೆಗೆ ಒತ್ತಿಕೊಂಡಳು. ತೆಂಗಿನಕಾಯಿಯನ್ನು ಸಂಗಮೇಶ ಬದಿಗಿಟ್ಟುಕೊಂಡ. ನಾಳಿದ್ದು ಕುರುಗೋಡಿನ ಗೋದಾಮಿನಲ್ಲಿ ಇಂಥದ್ದೇ ಫೋಟೋ ಇತ್ತು.

"ಅಡಿಕಿ, ಅರಿಶಿನ ಹೆಕ್ಕು. ಮಷೀನಿಗೆ ಹೋದಾವು."

ಗಿಡ್ಡಮ್ಮ ಮಗಳ ಉಡಿಯ ಅಕ್ಕಿಯೊಳಗಿಂದ ಅಡಿಕೆ ಹೆಕ್ಕಿದಳು. ಅರಿಶಿನದ ಕೊಂಬು ಹೆಕ್ಕಿದಳು. ಅವುಗಳ ಹಿಂದೆಯೇ ಹೆಬ್ಬೆರಳು ಗಾತ್ರದ ತುಕ್ಕು ನಟ್ಟೊಂದು ಬಂತು. ಅದನ್ನೂ ಹೆಕ್ಕಿದಳು. ಡಬ್ಬಿಯತ್ತ ಹೋದ ಕೈ ತಡೆದು, ಸೊಂಟದ ಎಲೆ-ಅಡಿಕೆ ಚೀಲಕ್ಕೆ ಇಳಿಯಿತು.

ಸಂಜೆ ಗೇಟಿನಲ್ಲಿ ಕಾವಲಿನ ಎರ್ರಣ್ಣ ಎಂದಿನಂತೆ ಎಲ್ಲರ ಸೀರೆ ಕೊಡವಿಸಿದ. ಗಿಡ್ಡಮ್ಮನ ಚೀಲವನ್ನು ಕೋಲಿನಿಂದ ತಿವಿದು, ಬಾಡಿದ ಎಲೆ ಕಂಡು ಉಗುಳಿದ. ಅವನು ಹುಡುಕುತ್ತಿದ್ದುದು ಅಕ್ಕಿ.

ಬಸ್ಸಿನಲ್ಲಿ ಎಲೆ ತೆಗೆಯುವಾಗ ನಟ್ಟು ಬೆರಳಿಗೆ ತಣ್ಣಗೆ ತಾಗಿತು.

"ನಾಳೆ ನೀ ಕೆಲಸಕ್ಕ ಬರಬ್ಯಾಡ," ಎಂದಳು.

"ಯಾಕಬೇ ಯವ್ವಾ?"

ಗಿಡ್ಡಮ್ಮ ಎಲೆಗೆ ಸುಣ್ಣ ಸವರಿದಳು. ಬೆಳಿಗ್ಗೆ ಒಳಗೆ ಹೋಗುವವರ ಚೀಲವನ್ನು ಎರ್ರಣ್ಣ ಒಂದು ದಿನವೂ ನೋಡಿದವನಲ್ಲ.